ಮೇಕೆ ತಿಂದ ಟ್ಯಾಂಕು

ಚಿನ್ನೀ, ಪುಟ್ಟಾ,

ಹೋದ ಸಲ ಬಂದಾಗ ನೀವಿಬ್ಬರೂ ಗೋಡೆಯ ಮೇಲಿನ ಫೋಟೋ ನೋಡಿ, ತಾತ ಮಿಲಿಟರಿಯಲ್ಲಿ ಟ್ಯಾಂಕು ಓಡಿಸುತ್ತಿದ್ದರಂತೆ ಹೌದಾ ಎಂದು ಕೇಳಿದಿರಿ. ಹೌದು ಎಂದಷ್ಟೇ ಹೇಳಿ ನಾನು ಒಳಗೆ ಹೋಗಿ ಬೇಳೆ ಆರಿಸತೊಡಗಿದೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆದರೆ ಆದೀತೇನೋ ಅನ್ನಿಸಿತು. ಅವರು ಓಡಿಸಿದ ಕಬ್ಬಿಣದ ಟ್ಯಾಂಕನ್ನು ನಾನು ಕಣ್ಣಿನಿಂದ ನೋಡಿಲ್ಲ. ನಾನು ಕಂಡದ್ದು ಅಂಗೈ ಮೇಲೆ ಕೂರುವ ಟ್ಯಾಂಕು. ಅದನ್ನು ಒಂದು ಬೇಸಿಗೆಯಲ್ಲಿ ಎರಡು ಸಲ ನಾನೇ ಮಾಡಿದೆ. ಅದು ಆಗದಿದ್ದರೆ ನಿಮ್ಮ ತಾತ ಉಳಿಯುವುದಿಲ್ಲ ಎಂದು ನಂಬಿ ಮಾಡಿದೆ.

ನಿಮ್ಮ ತಾತ ಹುಟ್ಟಿದ್ದು ದೊಡ್ಡಉಳ್ಳಾರ್ತಿಯಲ್ಲಿ. ಚಿಕ್ಕಂದಿನಲ್ಲಿ ಮನೆಯ ಕುರಿಗಳನ್ನು ಮೇಯಿಸಲು ವರವು ಕಾವಲು ಎಂಬ ದೊಡ್ಡ ಹುಲ್ಲುಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಮಿಲಿಟರಿಯಿಂದ ಬಂದ ಮೇಲೆ ಮೊಳಕಾಲ್ಮೂರಿನಲ್ಲಿ ನನ್ನ ತವರಿನ ಬೀದಿಯಲ್ಲೇ ಮನೆ ಮಾಡಿದೆವು. ನಾನು ಮಗ್ಗದವರಿಗೆ ರೇಷ್ಮೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಅವರು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಶೇಂಗಾ ಲಾರಿ ಓಡಿಸುತ್ತಿದ್ದರು. ಲಾರಿ ಕೆಟ್ಟಾಗಲೆಲ್ಲ ಹೋಗುತ್ತಿದ್ದ ಗ್ಯಾರೇಜಿನ ಮಾಲೀಕರು ಅವರ ಜೀವದ ಗೆಳೆಯರಾದರು. ನಾವು ಅವರನ್ನು ಭಾಯಿ ಎನ್ನುತ್ತಿದ್ದೆವು. ಭಾಯಿಗೂ ಹರೆಯದಲ್ಲಿ ಮಿಲಿಟರಿ ಸೇರುವ ಆಸೆ ಇತ್ತಂತೆ. ಅಂಗಾಲು ಚಪ್ಪಟೆ ಎಂದು ವಾಪಸು ಕಳಿಸಿದ್ದರಂತೆ. ಅದನ್ನು ನಿಮ್ಮ ತಾತ ಆಡಿಕೊಳ್ಳದ ದಿನವಿರಲಿಲ್ಲ.

ಮಿಲಿಟರಿಯಲ್ಲಿ ಮರಳಿನ ಮೇಲೆ ಗುಡ್ಡ, ಹಳ್ಳ, ದಾರಿ ಮಾಡಿ ಯುದ್ಧದ ಪಾಠ ಹೇಳುತ್ತಾರಂತೆ. ಅದನ್ನೇ ಇವರಿಬ್ಬರೂ ಆಟ ಮಾಡಿಕೊಂಡರು. ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಒಂದು ಹಳೇ ಲಾರಿಯ ಹಿಂಬಾಗಿಲನ್ನು ಡ್ರಮ್ಮುಗಳ ಮೇಲೆ ಮಲಗಿಸಿ, ಅದರ ತುಂಬ ವೇದಾವತಿ ಹೊಳೆಯ ಮರಳು ಸುರಿದು, ಆ ವರವು ಕಾವಲನ್ನೇ ಮಾಡಿದರು. ಯಾವ ಗುಡ್ಡ ಎಲ್ಲಿ, ಯಾವ ಹಳ್ಳ ಎತ್ತ ಹರಿಯುತ್ತದೆ ಎಂಬುದೆಲ್ಲ ಕುರಿ ಕಾಯ್ದವರಿಗೆ ಗೊತ್ತಲ್ಲ. ಒಂದು ಕಡೆ ಚಳ್ಳಕೆರೆ ಪಡೆ, ಅದು ಭಾಯಿಯದು. ಇನ್ನೊಂದು ಕಡೆ ಮೊಳಕಾಲ್ಮೂರು ಪಡೆ, ಅದು ನಿಮ್ಮ ತಾತನದು.

ನಾಲ್ಕು ಕವಡೆ ಹಾಕಿ ಆಡುತ್ತಿದ್ದರು. ಎಷ್ಟು ಕವಡೆ ಅಂಗಾತ ಬಿದ್ದರೆ ಅಷ್ಟು ಬೆಂಕಿಕಡ್ಡಿ ದೂರ ಟ್ಯಾಂಕು ನಡೆಸಬೇಕು. ಎದುರಿನವರಿಗೆ ಗುಂಡು ಹೊಡೆಯುವಾಗಲೂ ಕವಡೆಯೇ. ಓಡುತ್ತಿರುವ ಟ್ಯಾಂಕಿಗೆ ಗುಂಡು ತಗಲಬೇಕಾದರೆ ನಾಲ್ಕೂ ಅಂಗಾತ ಬೀಳಬೇಕು, ನಿಂತ ಟ್ಯಾಂಕಿಗೆ ಮೂರು ಸಾಕು. ನಡೆಸುವಾಗ ನಾಲ್ಕೂ ಬೋರಲು ಬಿದ್ದರೆ ಮಾತ್ರ ಕಷ್ಟ. ಆಗ ಕುರಿ ಮಂದೆ ಅಡ್ಡ ಬಂತು ಎಂದು ಅರ್ಥ; ಟ್ಯಾಂಕು ನಿಂತಲ್ಲೇ ನಿಲ್ಲಬೇಕು. ಈ ಕಟ್ಟಳೆ ಹಾಕಿದವರು ನಿಮ್ಮ ತಾತ. ಕಾವಲಿನಲ್ಲಿ ಯಾರು ರಾಜರಾದರೂ ಕುರಿಗೆ ದಾರಿ ಬಿಡಲೇಬೇಕು ಅನ್ನುತ್ತಿದ್ದರು. ಅದರಿಂದ ಹೆಚ್ಚು ಪೆಟ್ಟು ತಿಂದವರೂ ಅವರೇ. ಹಾಗಾದಾಗಲೆಲ್ಲ ಭಾಯಿ, "ಕುರಿ ಕಾಯೋನ ಟ್ಯಾಂಕ್‌ನ ಕುರೀನೇ ನಿಲ್ಲಿಸ್ತಾವೆ ನೋಡಲೇ" ಎಂದು ನಗುತ್ತಿದ್ದರಂತೆ. ಮನೆಗೆ ಬಂದು ಇವರು ಅದನ್ನು ಹೇಳಿಕೊಂಡು ಉರಿಯುತ್ತಿದ್ದರು. ಗುಂಡು ತಗುಲಿದ ಟ್ಯಾಂಕನ್ನು ತೆಗೆಯುವಂತಿಲ್ಲ. ಹೊಗೆ ಎದ್ದಿದೆ ಎನ್ನುವುದಕ್ಕೆ ಅದರ ನೆತ್ತಿಯ ಮೇಲೆ ಚೂರು ಹತ್ತಿ ಇಟ್ಟು, ಆಟ ಮುಗಿಯುವವರೆಗೆ ಅಲ್ಲೇ ಬಿಡಬೇಕು. ಹತ್ತಿ ಹೋಗುತ್ತಿದ್ದದ್ದು ನಾನು ದೀಪದ ಬತ್ತಿ ಹೊಸೆಯಲು ಇಟ್ಟ ಗಂಟಿನಿಂದ.

ಹತ್ತಿ ಒಂದೇ ಅಲ್ಲ, ಟ್ಯಾಂಕುಗಳೆಲ್ಲ ನಮ್ಮ ಮನೆಯ ಕಳವಿನ ಮಾಲೇ. ಅವುಗಳಲ್ಲಿ ಒಂದು ದೊಡ್ಡದು, ಅವರಿಗೆ ಬಹಳ ಬೇಕಾದದ್ದು; ಅದಕ್ಕೆ ಗುಂಡು ತಗುಲಿದರೆ ಅವರು ಸೋತಂತೆ, ಆಟ ಮುಗಿದಂತೆ. ಅದರ ಮೈಗೆ, ಸೀರೆಯ ಅಂಚಿನಲ್ಲಿ ಹೂ ಎಬ್ಬಿಸಲು ಮಗ್ಗದ ಮೇಲೆ ತೂಗಿಬಿಡುತ್ತಾರಲ್ಲ, ಆ ತೂತುತೂತಿನ ರಟ್ಟು ಹೋಗಿತ್ತು. ಚಕ್ರಗಳಿಗೆ ಅವರ ಮಿಲಿಟರಿ ಕೋಟಿನ ಗುಂಡಿ. ಚಕ್ರದ ಸುತ್ತಿನ ಹಲ್ಲುಪಟ್ಟಿಗೆ ನನ್ನ ಕೈಚೀಲದ ಜಿಪ್ಪು. ತೋಪಿನ ಕೊಳವೆಗೆ ಕೊಡೆಯ ಕಡ್ಡಿ. ಮೇಲೆ ಕೂರುವ, ತೋಪು ಹೊತ್ತ ದುಂಡನೆಯ ತಲೆಗೆ ನನ್ನ ಹಳೇ ಕುಂಕುಮದ ಭರಣಿಯ ಮುಚ್ಚಳ. ಒಂದೊಂದು ವಸ್ತು ಕಾಣೆಯಾದಾಗಲೂ ನಾನು ಗೊಣಗುತ್ತಿದ್ದೆ. ಒಂದು ವಾರ ಕಳೆದು ಅದು ಟ್ಯಾಂಕಿನ ಮೇಲೆ ಕಾಣುತ್ತಿತ್ತು.

ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಆಟದ ನಡುವೆ ದೊಡ್ಡ ಟ್ಯಾಂಕಿನ ಜಿಪ್ಪು ಕಿತ್ತು ಬಂತು ಎಂದು ರೆಕ್ಸಿನ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೊರಟಿದ್ದಾರೆ. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರು ಬಸ್ಸು ಬಂದು ಜನ ನುಗ್ಗುವಾಗ ಕುಸಿದು ಬಿದ್ದರು. ಲಕ್ವ ಹೊಡೆದಿತ್ತು. ಚೀಲ ಅವರ ಮೈಯ ಕೆಳಗೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟಾಗ ಒಳಗೆ ಚಪ್ಪಟೆಯಾದ ರಟ್ಟು, ನಜ್ಜಾದ ಮುಚ್ಚಳ ಬಿಟ್ಟರೆ ಏನೂ ಉಳಿದಿರಲಿಲ್ಲ; ಗುಂಡಿ, ಜಿಪ್ಪು ಎಲ್ಲ ಜನರ ಕಾಲಡಿ ಚೆಲ್ಲಿಹೋಗಿದ್ದವು.

ದುರ್ಗದ ಆಸ್ಪತ್ರೆಯಿಂದ ಕರೆತರುವಾಗ ಡಾಕ್ಟರು, ಬಲಗಡೆ ಪೂರ್ತಿ ಬರದಿದ್ದರೂ ಊಟ ಸೇರಿದರೆ, ಮನಸ್ಸು ಮಾಡಿದರೆ ಮಾತು ಅಷ್ಟಿಷ್ಟು ಬಂದೀತು ಎಂದರು. ಊಟವೇ ಸೇರಲಿಲ್ಲ. ರಾಗಿ ಗಂಜಿಯ ಚಮಚ ತುಟಿಗೆ ಇಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಬಲವಂತ ಮಾಡಿದರೆ ಒಂದೆರಡು ಗುಟುಕು ಒಳಗೆ ಹೋಗಿ, ಉಳಿದದ್ದು ಕಟಬಾಯಿಯಿಂದ ಕತ್ತಿಗೆ ಇಳಿಯುತ್ತಿತ್ತು. ಮುಖ ಗೋಡೆಯ ಕಡೆ ತಿರುಗಿಸಿದರೆ ಮುಗಿಯಿತು, ಇಡೀ ದಿನ ಗೋಡೆಯೇ. ನಿಮ್ಮ ಅವ್ವ ಆಗ ದುರ್ಗದ ಹಾಸ್ಟೆಲಿನಲ್ಲಿದ್ದು ಟೀಚರ್ ತರಬೇತಿಗೆ ಓದುತ್ತಿದ್ದಳು. ಭಾನುವಾರ ಬಂದು ಅಪ್ಪನ ಪಾದ ಹಿಡಿದು ಅತ್ತು ಹೋಗುತ್ತಿದ್ದಳು. ಅವಳ ಅಳುವಿಗೂ ಅವರು ತಿರುಗಲಿಲ್ಲ. ಲಕ್ವ ಅವರನ್ನು ಕೊಲ್ಲುವುದಿಲ್ಲ, ಅವರೇ ಹೋಗಲು ತೀರ್ಮಾನಿಸಿದ್ದಾರೆ ಎಂದು ನನಗೆ ಅರ್ಥವಾಯಿತು. ಅದನ್ನು ಯಾರ ಹತ್ತಿರ ಹೇಳಲಿ? ನೀರಿಗೆ ಹೋದಾಗ ನಲ್ಲಿಯ ಸದ್ದಿನಲ್ಲಿ ಅಳುತ್ತಿದ್ದೆ.

ಭಾಯಿ ಶುಕ್ರವಾರದ ನಮಾಜು ಮುಗಿಸಿಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ನಮ್ಮ ಮನೆಗೆ ತರುವಾಗ ಬಾಳೆಹಣ್ಣನ್ನೇ ತರುತ್ತಿದ್ದರು. ಜಗಲಿಯ ಮಂಚದ ಹತ್ತಿರ ಕೂತು, ಉತ್ತರ ಬರದಿದ್ದರೂ ಗ್ಯಾರೇಜಿನ ಸುದ್ದಿಯೆಲ್ಲ ಹೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಷ್ಟು ವರ್ಷದಲ್ಲಿ ಅವರ ಎದುರು ನಿಂತು ಮಾತಾಡಿದವಳಲ್ಲ. ಒಂದು ಶುಕ್ರವಾರ ಅವರು, ರಸ್ತೆ ಅಗಲ ಮಾಡಲು ಗ್ಯಾರೇಜಿನ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದಾರೆ, ಯುಗಾದಿ ಕಳೆಯುತ್ತಿದ್ದ ಹಾಗೆ ಕೆಡವುತ್ತಾರೆ, ಹಿಂದಿನ ಶೆಡ್ಡೂ ಹೋಗುತ್ತದೆ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮರಳಿನ ಮೇಜು ಹಂಗೇ ಐತೆ ಲೇ. ಟಾರ್ಪಾಲು ಮುಚ್ಚೀನಿ. ಒಂದು ಕಡ್ಡಿ ಅಲ್ಲಾಡ್ಸಿಲ್ಲ. ಆಟ ನಿಂದೇ" ಎಂದರು.

ನಿಮ್ಮ ತಾತ ಗೋಡೆಯಿಂದ ಮುಖ ತಿರುಗಿಸಿದರು.

ನಾನು ಬಾಗಿಲ ಸಂದಿಯಿಂದ ನೋಡಿದೆ. ಎಷ್ಟೋ ದಿನಗಳ ಮೇಲೆ ಆ ಕಣ್ಣು ಯಾರನ್ನೋ ನೋಡುತ್ತಿತ್ತು. ಭಾಯಿಗೂ ಅದು ಕಂಡಿತು. ಸಂಭ್ರಮದಲ್ಲಿ ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ದೊಡ್ಡ ಟ್ಯಾಂಕಿನ ಜಾಗದಲ್ಲಿ ಇದನ್ನಿಟ್ಟು ಆಡೋಣ, ನಾನೇ ಹೊತ್ತುಕೊಂಡು ಹೋಗುತ್ತೇನೆ ಬಾ ಎಂದರು. ಇವರು ಪೊಟ್ಟಣವನ್ನು ನೋಡಿದರು, ಕಣ್ಣು ಮುಚ್ಚಿದರು, ಮತ್ತೆ ಗೋಡೆಗೆ ತಿರುಗಿದರು. ಭಾಯಿ ಹೊರಡುವಾಗ ನಾನು ಹೊಸ್ತಿಲು ದಾಟಿ ಬಂದು, ಶೆಡ್ಡು ಕೆಡವುವ ಮೊದಲು ಆ ಟ್ಯಾಂಕು ಮಾಡಿಕೊಡುತ್ತೇನೆ ಎಂದೆ. ಅವರು ನನ್ನನ್ನೇ ನೋಡಿದರು. ಭಾಭಿ ಮಾತಾಡಿದರು ಎನ್ನುವ ಆಶ್ಚರ್ಯವೋ, ಇವಳಿಗೆ ತಲೆ ಕೆಟ್ಟಿತು ಎನ್ನುವ ಮರುಕವೋ ತಿಳಿಯಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯ ಮುದುಕಿಯನ್ನು ಇವರ ಹತ್ತಿರ ಕೂರಿಸಿ ಒಬ್ಬಳೇ ಚಳ್ಳಕೆರೆಗೆ ಹೋದೆ. ಮೆಕ್ಯಾನಿಕ್‌ಗಳ ಬೀದಿ. ಎಲ್ಲೆಲ್ಲೂ ಗಂಡಸರು, ಲಾರಿಗಳ ಕೆಳಗೂ ಗಂಡಸರು. ಸೆರಗು ಹೊದ್ದು, ನೆಲ ನೋಡುತ್ತ ನಡೆದೆ. ಭಾಯಿ ಟಾರ್ಪಾಲು ಸರಿಸಿದಾಗ ಮೊದಲ ಸಲ ಆ ಮೇಜನ್ನು ಕಂಡೆ. ಅಷ್ಟು ವರ್ಷ ನನ್ನ ಮನೆಯಿಂದ ಹೋದದ್ದೆಲ್ಲ ಅಲ್ಲಿ ಯುದ್ಧ ಮಾಡುತ್ತಿತ್ತು. ದೊಡ್ಡ ಟ್ಯಾಂಕು ನಿಂತಿದ್ದ ಜಾಗದಲ್ಲಿ ಮರಳಿನ ಮೇಲೆ ಅದರ ಅಚ್ಚು ಹಾಗೇ ಉಳಿದಿತ್ತು, ಕೋಳಿ ಎದ್ದುಹೋದ ಗೂಡಿನ ಹಾಗೆ. ಆಟ ನಿಂತಾಗ ಆ ಟ್ಯಾಂಕು ಬಯಲಿನಲ್ಲಿ ಒಂಟಿಯಾಗಿತ್ತು. ಒಂದು ಬೆಂಕಿಕಡ್ಡಿ ಮುಂದಕ್ಕೆ ಹೋದರೂ ಗುಡ್ಡದ ಮರೆ ಸೇರುತ್ತದೆ, ಆಮೇಲೆ ಅದನ್ನು ಹೊಡೆಯಲು ತನ್ನಿಂದ ಆಗುವುದಿಲ್ಲ ಎಂದು ಭಾಯಿ ತೋರಿಸಿದರು. ನಾನು ಸೊಂಟದಲ್ಲಿದ್ದ ರೇಷ್ಮೆ ಎಳೆ ತೆಗೆದು ಅಚ್ಚಿನ ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು ಗಂಟು ಹಾಕಿಕೊಂಡು ಬಂದೆ.

ಕಳೆದುಕೊಂಡದ್ದನ್ನು ನೆನಪು ಮಾಡಿಕೊಳ್ಳುವುದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅವರು ಏನೇನು ಕದ್ದಿದ್ದರೋ ಅದನ್ನೇ ಮತ್ತೆ ನಾನು ಕದಿಯತೊಡಗಿದೆ. ಮಗ್ಗದ ಮನೆಯಲ್ಲಿ ಹಳೇ ರಟ್ಟು ಬೇಡಿ ತಂದೆ. ಪೆಟ್ಟಿಗೆಯ ತಳದಲ್ಲಿದ್ದ ಕೋಟಿನಲ್ಲಿ ಉಳಿದ ಗುಂಡಿಗಳನ್ನೆಲ್ಲ ಕತ್ತರಿಸಿದೆ. ಅವರು ಬಿದ್ದ ದಿನ ಮೈಕೆಳಗೆ ಸಿಕ್ಕಿದ್ದ ರೆಕ್ಸಿನ್ ಚೀಲದ ಜಿಪ್ಪನ್ನು ಬಿಚ್ಚಿದೆ. ಕೊಡೆಯ ಇನ್ನೊಂದು ಕಡ್ಡಿ ಮುರಿದೆ. ದುಂಡನೆಯ ತಲೆಗೆ, ದಿನವೂ ಹಣೆಗಿಡುತ್ತಿದ್ದ ಭರಣಿಯ ಹಿತ್ತಾಳೆ ಮುಚ್ಚಳವನ್ನೇ ತೆಗೆದುಕೊಂಡೆ. ಪಕ್ಕದ ಮನೆಯ ಮುದುಕಿ, "ವದ್ದು ತಲ್ಲೀ, ಅದಕ್ಕೆ ಕೈ ಹಚ್ಚಬೇಡ. ಗಂಡ ಮಲಗಿರುವಾಗ ಕುಂಕುಮದ್ದು ಯಾರಾದ್ರೂ ಬರಿದು ಮಾಡ್ತಾರಾ" ಎಂದಳು. ಅವಳು ಆಂಧ್ರದ ಕಡೆಯವಳು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಕುಂಕುಮ ಹಚ್ಚುವ ಭಾಗ್ಯ ಉಳಿಯಲಿ ಎಂದೇ ತೆಗೆದದ್ದು ಎಂದು ನಾನು ಹೇಳಲಿಲ್ಲ.

ಅಂಟಿಗೆ ಹುಣಸೆ ಬೀಜದ ಹಿಟ್ಟು ಕಲಸಿ ಸರಿ ಕಾಯಿಸಿದೆ. ನಮ್ಮ ಕಡೆ ಕಂಬಳಿ ನೇಯುವ ಮುಂಚೆ ಹಾಸಿನ ನೂಲಿಗೆ ಅದನ್ನೇ ಹಚ್ಚುತ್ತಾರೆ. ಒಣಗಿದರೆ ಮರದಂತೆ ಗಟ್ಟಿ. ರಟ್ಟನ್ನು ಕತ್ತರಿಸಿ, ಮಡಿಸಿ, ಪದರದ ಮೇಲೆ ಪದರ ಅಂಟಿಸಿದೆ. ಮೈ ಆಯಿತು. ಗುಂಡಿ ಕೂತವು. ಜಿಪ್ಪು ಸುತ್ತಿಕೊಂಡಿತು. ಮುಚ್ಚಳವನ್ನು ಮೇಲಿಟ್ಟು ಒತ್ತಿ ಅಂಟಿಸಿದೆ. ನೋಡಿದರೆ ಟ್ಯಾಂಕೇ. ಮಧ್ಯಾಹ್ನ ಜಗಲಿಯ ಕೆಳಗೆ, ಮಂಚದಲ್ಲಿ ಮಲಗಿದವರಿಗೆ ಕಾಣುವ ಹಾಗೆ, ಕಲ್ಲಿನ ಮೇಲೆ ಬಿಸಿಲಿಗಿಟ್ಟೆ. ನೋಡ್ರಿ, ನಿಮ್ಮದು ಬಂತು, ಎಂದು ಹೇಳಿ ನಲ್ಲಿಗೆ ಹೋದೆ.

ಕಂಬಳಿ ನೇಯುವವರು ಸರಿ ಹಚ್ಚಿದ ಹಾಸನ್ನು ಒಣಹಾಕಿದರೆ ಒಬ್ಬರನ್ನು ಕೋಲು ಕೊಟ್ಟು ಕೂರಿಸುತ್ತಾರೆ. ಅದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಕೊಡ ಅರ್ಧ ತುಂಬಿರಬೇಕು, ಬೀದಿಯ ಆ ತುದಿಯಿಂದ ಒಂದು ಕೂಗು ಕೇಳಿಸಿತು. ಮನುಷ್ಯರದೋ ದನದ್ದೋ ಗೊತ್ತಾಗದಂಥದ್ದು. ಕೊಡ ಬಿಟ್ಟು ಓಡಿದೆ. ಮಂಚ ಖಾಲಿ ಇತ್ತು. ನಿಮ್ಮ ತಾತ ಜಗಲಿಯಿಂದ ಕೆಳಗೆ ಬಿದ್ದಿದ್ದರು. ಹಣೆ ಒಡೆದು ರಕ್ತ ಕಣ್ಣಿಗೆ ಇಳಿದಿತ್ತು. ಎಡಗೈ ಮುದುಕಿಯ ಮೇಕೆಯ ಹಿಂಗಾಲನ್ನು ಹಿಡಿದಿತ್ತು. ಮೇಕೆ ಒದೆಯುತ್ತ, ಬಾಯಾಡಿಸುತ್ತ ನಿಂತಿತ್ತು. ಮುಚ್ಚಳ ಒಂದು ಕಡೆ ಉರುಳಿತ್ತು, ಜಿಪ್ಪು ಅದರ ಗಡ್ಡದಿಂದ ತೂಗುತ್ತಿತ್ತು. ರಟ್ಟು ಹೆಸರಿಗೂ ಇರಲಿಲ್ಲ.

ಮುದುಕಿ ಓಡಿಬಂದು ಮೇಕೆಯನ್ನು ಎಳೆದುಕೊಂಡಳು. "ಮೂಗಜೀವ ತಲ್ಲೀ. ಅದಕ್ಕೆ ಟ್ಯಾಂಕು ಗೊತ್ತಾ, ರೊಟ್ಟಿ ಗೊತ್ತಾ" ಎಂದು ನನ್ನ ಮುಂದೆ ಕೈಮುಗಿದಳು. ನಾನು ಅವಳನ್ನು ಬೈಯಲಿಲ್ಲ. ಬೈಯಲೂ ಶಕ್ತಿ ಇರಲಿಲ್ಲ. ಬೀದಿಯ ಗಂಡಸರು ಇವರನ್ನು ಎತ್ತಿ ಮಲಗಿಸಿದರು. ಹಣೆಗೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ. ಕೂಗು ಬಂತಲ್ಲ, ಮಾತೂ ಬರುತ್ತದೆ ಎಂದು ನೆರೆಯವರು ಸಮಾಧಾನ ಹೇಳಿದರು. ಬರಲಿಲ್ಲ. ಅಂದು ನೀರನ್ನೂ ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ. ತುಟಿಗೆ ಬಟ್ಟೆ ಅದ್ದಿ ಒರೆಸುವುದೊಂದೇ ನನಗೆ ಉಳಿದ ಕೆಲಸ. ಯುಗಾದಿಗೆ ಬೀದಿಯವರು ಮಾವಿನ ಸೊಪ್ಪು ಕಟ್ಟುತ್ತಿದ್ದರು. ನಾನು ಬಾಗಿಲಿಗೆ ಒರಗಿ ಕೂತು, ಇವರು ಹೋಗುವುದೇ ಆದರೆ ಹೀಗೆ ಬಾಯಿ ಒಣಗಿ ಹೋಗುವುದು ಬೇಡ, ಬೇಗ ಹೋಗಲಿ ಎಂದು ದೇವರನ್ನು ಕೇಳಿಕೊಂಡೆ. ಮಕ್ಕಳೇ, ಹಾಗೆ ಕೇಳಿಕೊಂಡದ್ದೂ ನಿಜ.

ಬಟ್ಟೆ ಬದಲಿಸುವಾಗ ಅವರ ಎಡಗೈ ಮುಷ್ಟಿ ಬಿಗಿದಿರುವುದು ಕಂಡಿತು. ಬಿಡಿಸಲು ಹೋದರೆ ಬಿಡಲಿಲ್ಲ. ನೀರಿಗೂ ಬಾಯಿ ತೆರೆಯದವರಿಗೆ ಅಷ್ಟು ಶಕ್ತಿ ಎಲ್ಲಿತ್ತೋ. ಬೆರಳ ಸಂದಿಯಲ್ಲಿ ನೋಡಿದೆ. ಮೇಕೆಯ ಬಾಯಿಂದ ಉದುರಿದ ರಟ್ಟಿನ ತುಂಡು ಇತ್ತು; ಎತ್ತಿ ಮಲಗಿಸುವ ಮೊದಲು ಬಾಚಿಕೊಂಡಿರಬೇಕು.

ಮತ್ತೆ ಸರಿ ಕಾಯಿಸಿದೆ. ಈ ಸಲ ಒಳಗೇ, ಒಲೆಯ ಕಾವಿನಲ್ಲಿ, ಅವರ ಕಣ್ಣೆದುರು. ಗುಂಡಿಗಳಲ್ಲಿ ಒಂದು ಸಿಗಲಿಲ್ಲ. ಮುದುಕಿ ಪಾಪ, ಹೊತ್ತುಹೊತ್ತಿಗೂ ಮೇಕೆಯ ಹಿಕ್ಕೆ ಕೆದಕಿ ನೋಡಿ, ಇನ್ನೂ ಬರಲಿಲ್ಲ ಎಂದು ಹೇಳಿ ಹೋಗುತ್ತಿದ್ದಳು. ಅದರ ಬದಲು ನಿಮ್ಮ ಅವ್ವನ ಚಿಕ್ಕಂದಿನ ಲಂಗದ ಕೆಂಪು ಗುಂಡಿ ಹಾಕಿದೆ. ಮುಚ್ಚಳವನ್ನು ಸರಿಯಲ್ಲಿ ಅದ್ದಿ ಮೇಲೆ ಕೂರಿಸಲು ಹೊರಟಾಗ ಅವರ ಗಂಟಲಿನಲ್ಲಿ ಸದ್ದಾಯಿತು. ಎಡಗೈಯ ತೋರುಬೆರಳನ್ನು ಗಾಳಿಯಲ್ಲಿ ದುಂಡಗೆ ತಿರುಗಿಸಿದರು. ಮತ್ತೆ ತಿರುಗಿಸಿದರು.

ಹೊಸ ಗಾಡಿಗೆ ಪೂಜೆಯಾಗಬೇಕಲ್ಲವೇ, ಆರತಿ ಎತ್ತು ಅನ್ನುತ್ತಿದ್ದಾರೆ ಎಂದುಕೊಂಡೆ. ಮೊದಲನೆಯದಕ್ಕೆ ಮಾಡದೆ ಹೋದದ್ದಕ್ಕೇ ಹಾಗಾಯಿತೇನೋ ಎಂದು ಹೆದರಿದೆ. ತಟ್ಟೆಯಲ್ಲಿ ದೀಪ ಹಚ್ಚಿ ಟ್ಯಾಂಕಿಗೆ ಎತ್ತಿದೆ, ಅವರಿಗೂ ಎತ್ತಿದೆ, ನಿಂಬೆಹಣ್ಣು ನಿವಾಳಿಸಿದೆ. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ರೆಪ್ಪೆಯಿಂದ ನೀರು ಕಿವಿಗೆ ಇಳಿಯಿತು. ಹತ್ತಿರ ಬಂದದ್ದು ಮತ್ತೆ ಕೈ ತಪ್ಪಿತು ಎಂದು ನಾನು ತಟ್ಟೆ ಕೆಳಗಿಟ್ಟು ಮಂಚದ ಪಕ್ಕ ಕುಸಿದು ಕೂತೆ. ಆಗ ಅವರ ಕೈ ನನ್ನ ರವಿಕೆಯ ಮುಂದಕ್ಕೆ ಬಂತು. ಮುದುಕಿ ಬಾಗಿಲಲ್ಲೇ ಇದ್ದಳು. ಇದನ್ನು ಬರೆಯಲೂ ನಾಚಿಕೆ. ಅವರು ಕೈ ಹಾಕಿದ್ದು ಟಿಚ್ ಬಟನ್ನಿಗೆ. ಅದನ್ನು ಚಿವುಟಿ ಹಿಡಿದು, ಬೆರಳಲ್ಲಿ ಆ ಕಡೆ ಈ ಕಡೆ ತಿರುಗಿಸಿದರು.

ಆಗ ನೆನಪಾಯಿತು. ವರ್ಷಗಳ ಹಿಂದೆ ನನ್ನ ಒಂದು ಹೊಸ ರವಿಕೆಯ ಟಿಚ್ ಬಟನ್ ಕಾಣೆಯಾಗಿತ್ತು. ಟ್ಯಾಂಕಿನ ತಲೆ ಅಂಟಿಕೊಂಡು ಕೂರುವಂಥದ್ದಲ್ಲ. ಶತ್ರು ಇರುವ ಕಡೆಗೆ ತಿರುಗಬೇಕು. ಟಿಚ್ ಬಟನ್ನಿನ ಅರ್ಧವನ್ನು ಮೈಗೂ ಅರ್ಧವನ್ನು ಮುಚ್ಚಳಕ್ಕೂ ಇಟ್ಟಿದ್ದರು. ನಾನು ರವಿಕೆಯಿಂದ ಕಿತ್ತು ಹಾಗೇ ಮಾಡಿದೆ. ಒತ್ತಿದಾಗ ಟಿಚ್ ಎಂದಿತು. ಅವರು ಬೆರಳಿಂದ ಕೊಳವೆಯನ್ನು ತಿರುಗಿಸಿದರು, ಒಂದು ಸುತ್ತು ಪೂರ್ತಿ. ಆಮೇಲೆ ನಾನು ಹಿಡಿದ ನೀರಿನ ಲೋಟಕ್ಕೆ ಬಾಯಿ ಕೊಟ್ಟರು. ನೀರಿಗೆ ಮಾತ್ರ. ಗಂಜಿಗೆ ಹಲ್ಲು ಕಚ್ಚಿಯೇ ಇದ್ದರು.

ಶೆಡ್ಡು ಕೆಡವುವ ಹಿಂದಿನ ದಿನ ಭಾಯಿ ಯಾರದೋ ಜೀಪು ತಂದರು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಇವರನ್ನು ಮಲಗಿಸಿದೆವು. ಟ್ಯಾಂಕನ್ನು ನಾನು ಮಡಿಲಲ್ಲಿಟ್ಟುಕೊಂಡೆ. ಒಂದು ಡಬ್ಬಿ ಗಂಜಿ, ಬಾಯಿ ಒರೆಸಲು ಒಂದಿಷ್ಟು ಹತ್ತಿ ಜೊತೆಗಿತ್ತು. ದಾರಿಯಲ್ಲಿ ತಳಕು ಊರು ದಾಟುವಾಗ ಅವರ ಉಸಿರು ಮೇಲೆ ಕೆಳಗೆ ಆಯಿತು. ಭಾಯಿ ಜೀಪು ನಿಲ್ಲಿಸಿ, ವಾಪಸು ಹೋಗೋಣವೇ ಎಂದು ನನ್ನನ್ನು ಕೇಳಿದರು. ನಾನು ಇವರ ಮುಖ ನೋಡಿ, ಹೊಡೆಯಿರಿ ಎಂದೆ. ದಾರಿಯಲ್ಲೇ ಏನಾದರೂ ಆಗಿದ್ದರೆ ಆ ಮಾತು ನನ್ನ ತಲೆಯ ಮೇಲೆ ಉಳಿಯುತ್ತಿತ್ತು.

ಶೆಡ್ಡಿನಲ್ಲಿ ಕುರ್ಚಿಗೆ ಕೂರಿಸಿ, ಬೀಳದಂತೆ ಎದೆಗೆ ಟವೆಲು ಕಟ್ಟಿದೆವು. ನಾನು ಟ್ಯಾಂಕನ್ನು ಆ ಅಚ್ಚಿನ ಮೇಲಿಟ್ಟೆ. ಸರಿಯಾಗಿ ಕೂತಿತು. ಅವರು ಕೆಂಪು ಗುಂಡಿಯನ್ನು ಬಹಳ ಹೊತ್ತು ನೋಡಿದರು. ಭಾಯಿ ಕವಡೆಗಳನ್ನು ಎಡಗೈಗೆ ಹಾಕಿದರು. ಒಂದಾದರೂ ಅಂಗಾತ ಬೀಳಲಿ, ಒಂದು ಕಡ್ಡಿ ಸಾಕು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕೈ ಅಲ್ಲಾಡಿಸಿ ಬಿಟ್ಟರು.

ನಾಲ್ಕೂ ಬೋರಲು.

ಭಾಯಿ ಕೂಡಲೇ ಕವಡೆ ಬಾಚಿಕೊಂಡು, "ಎಡಗೈದು ಲೆಕ್ಕಕ್ಕಿಲ್ಲ ಲೇ. ಕೈ ಜಾರ್ತು. ಇನ್ನೊಂದ್ಸಲ ಹಾಕು" ಎಂದರು.

ನಿಮ್ಮ ತಾತ ತಲೆ ಆಡಿಸಿದರು. ಬಾಯಿ ಸೊಟ್ಟ ಮಾಡಿ, ಗಂಟಲಿನಿಂದ ಎಳೆದು ತಂದು, "ಕುರಿ" ಎಂದರು.

ಅವರು ಬಿದ್ದ ಮೇಲೆ ನಾನು ಕೇಳಿದ ಮೊದಲ ಮಾತು ಅದು. ಭಾಯಿ ಕವಡೆಗಳನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ತಾನು ಆಡುವುದಿಲ್ಲ, ಇವತ್ತಿಗೆ ಸಾಕು, ನಿಂತ ಟ್ಯಾಂಕು ನಿಂತಿರಲಿ ಎಂದರು. ಇವರು ಮೇಜಿನ ಅಂಚನ್ನು ಎಡಗೈಯಿಂದ ತಟ್ಟಿದರು. ಮತ್ತೆ ತಟ್ಟಿದರು. ಅದು ಬೇಡುವ ಸದ್ದಲ್ಲ. ಮಿಲ್ಲಿನ ಮುಂದೆ ಲಾರಿ ತೆಗೆಯಿರೋ ಎಂದು ಗದರಿಸುವವರ ಸದ್ದು. ಭಾಯಿ ನನ್ನ ಕಡೆ ನೋಡಿದರು. ಆಮೇಲೆ ಕವಡೆ ಎತ್ತಿ, ಕಣ್ಣು ಮುಚ್ಚಿಕೊಂಡು ಎಸೆದರು.

ಮೂರು ಅಂಗಾತ, ಒಂದು ಬೋರಲು. ನಿಂತ ಟ್ಯಾಂಕಿಗೆ ಮೂರು ಸಾಕು.

ಹೊರಗೆ ಯಾರೋ ಲಾರಿಯ ಚಕ್ರ ಬಡಿಯುತ್ತಿದ್ದರು. ಇಷ್ಟು ದಿನ ಇದಕ್ಕಾಗಿಯೇ ಬೇಯಿಸಿದೆನಲ್ಲ, ಅಂಟಿಸಿದೆನಲ್ಲ ಎಂದುಕೊಂಡೆ. ನಿಮ್ಮ ತಾತ ಭಾಯಿಯ ಮುಖವನ್ನೇ ನೋಡುತ್ತಿದ್ದರು, ಏನನ್ನೋ ಕಾಯುವವರ ಹಾಗೆ. ಅದೇನೆಂದು ಭಾಯಿಗೆ ಅರ್ಥವಾಯಿತು. "ಕುರಿ ಕಾಯೋನ ಟ್ಯಾಂಕ್‌ನ..." ಎಂದು ಶುರುಮಾಡಿದರು. ಆಚೆ ತಿರುಗಿ ಟೋಪಿಯಿಂದ ಮುಖ ಒರೆಸಿಕೊಂಡರು.

"ಕುರೀನೇ" ಎಂದರು ನಿಮ್ಮ ತಾತ. ಮುಖದ ಅರ್ಧಭಾಗ ನಗುತ್ತಿತ್ತು. ಆಮೇಲೆ ನನ್ನ ಕೈಯಲ್ಲಿದ್ದ ಹತ್ತಿಯ ಕಡೆ ಬೆರಳು ಮಾಡಿದರು.

ಆ ಹತ್ತಿಯನ್ನು ಇಡಲು ಭಾಯಿ ಮುಂದೆ ಬರಲಿಲ್ಲ. ಇವರ ಕೈಗೆ ಆಗುತ್ತಿರಲಿಲ್ಲ. ನಾನು ಚೂರು ಕಿತ್ತು, ಹೊಗೆಯ ಹಾಗೆ ಹಿಂಜಿ, ಹಿತ್ತಾಳೆಯ ಮುಚ್ಚಳದ ಮೇಲಿಟ್ಟೆ. ಆಟ ಮುಗಿಯಿತು.

ಜೀಪಿನಲ್ಲಿ ವಾಪಸು ಬರುವಾಗ, ತಳಕಿನ ಹತ್ತಿರವೇ, ನಾನು ಡಬ್ಬಿ ಬಿಚ್ಚಿದೆ. ಬಾಯಿ ತೆರೆದರು. ತಣ್ಣಗಾಗಿದ್ದ ಗಂಜಿಯನ್ನು ಖಾಲಿಯಾಗುವವರೆಗೆ ಕುಡಿದರು. ನಾನು ಗೆದ್ದದ್ದು ಅಷ್ಟೇ. ಆಮೇಲೆ ಮುಂಗಾರು ಬಂತು, ಶೇಂಗಾ ಬಿತ್ತಿದರು, ಕಿತ್ತರು. ಅಲ್ಲಿಯವರೆಗೆ ಉಂಡರು, ಒಂದೆರಡು ಮಾತಾಡಿದರು, ನಿಮ್ಮ ಅವ್ವನನ್ನು ಹೆಸರು ಹಿಡಿದು ಕರೆದರು. ಕಾರ್ತಿಕದಲ್ಲಿ ಅದೇ ಗಂಟಿನ ಹತ್ತಿಯನ್ನು ಅವರ ಮೂಗಿಗೆ ಇಟ್ಟೆವು.

ಟ್ಯಾಂಕು ನನ್ನ ಹತ್ತಿರ ಇಲ್ಲ. ಆಟ ಮುಗಿದಿದ್ದರೂ ಅದನ್ನು ನಿಂತಲ್ಲಿಂದ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಭಾಯಿ ಅದನ್ನು ಕೆಳಗಿನ ಮರಳಿನ ಸಮೇತ ತಗಡಿನ ಮೇಲೆ ಎತ್ತಿಕೊಂಡು ಹೊಸ ಗ್ಯಾರೇಜಿಗೆ ಒಯ್ದರು. ಗೂಡಿನಲ್ಲಿ, ಹತ್ತಿಯ ಸಮೇತ, ಬಹಳ ಕಾಲ ಇ‍ತ್ತು. ಈಗ ಭಾಯಿಯೂ ಇಲ್ಲ. ಅದು ಏನಾಯಿತೋ ನಾನು ಹೋಗಿ ಕೇಳಿಲ್ಲ. ನಿಜವಾದ ಕಾವಲಿಗೂ ಈಗ ಬೇಲಿ ಬಂದಿದೆ. ಅದರೊಳಗೆ ಸರ್ಕಾರದವರು ಏನೇನೋ ವಿಮಾನ ಹಾರಿಸಿ ನೋಡುತ್ತಾರಂತೆ, ಕುರಿಗಳು ಸುತ್ತು ಹಾಕಿಕೊಂಡು ಹೋಗುತ್ತವೆ. ಮುಚ್ಚಳವಿಲ್ಲದ ಕುಂಕುಮದ ಭರಣಿ ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಆ ರವಿಕೆಯ ಇನ್ನೊಂದು ಟಿಚ್ ಬಟನ್ ಹಾಕಿಟ್ಟಿದ್ದೇನೆ. ಅದು ಚಿನ್ನಿಗೆ.

ಈ ಹಾಳೆಗಳು ಇಬ್ಬರಿಗೂ. ಹೊಲಿಗೆ ಹಾಕಿ ಕೊಡುತ್ತಿದ್ದೇನೆ, ಅಂಟು ಹಚ್ಚಿಲ್ಲ. ನೀವಿರುವ ಬೀದಿಯಲ್ಲಿ ಮೇಕೆ ಇರಲಿಕ್ಕಿಲ್ಲ. ಆದರೂ ಓದಿಯಾದ ಮೇಲೆ ಹೊರಗೆ ಬಿಸಿಲಿಗೆ ಬಿಟ್ಟು ಹೋಗಬೇಡಿ. ಎತ್ತರದ ಗೂಡಿನಲ್ಲಿಡಿ.